ಹಡಗಿನ ವಿಹಾರ ಮತ್ತು ಮನೆಯ ನೇಮ



ದೀಪಾವಳಿ ಮುಗಿದು ಹೊಸ ವಹಿಯ ಪೂಜೆ ಆಯಿತೆಂದರೆ ನಮ್ಮ ಗಡಹಿಂಗ್ಲಜ ಪೇಟೆಯಲ್ಲಿ "ಈ ವರ್ಷ ಶಿಖರಜಿಗೋ, ಗಿರನಾರಕ್ಕೋ?" ಎಂಬ ಮಾತು ಹೊರಡುತ್ತಿತ್ತು. ಈಗೀಗ ಅದರ ಜೊತೆಗೆ ಇನ್ನೊಂದು ಮಾತು ಸೇರಿದೆ. "ಕ್ರೂಜಕ್ಕ ಹೋಗಿ ಬಂದ್ರೇನ್ರೀ ಶೇಠಜಿ?" ಹೋಗಿ ಬಂದಿದ್ದೇವೆ. 2023ರ ಡಿಸೆಂಬರದಲ್ಲಿ ಮುಂಬಯಿಯಿಂದ ಲಕ್ಷದ್ವೀಪಕ್ಕೆ ನಾಲ್ಕು ರಾತ್ರಿಯ ಪ್ರವಾಸ. ಇಚಲಕರಂಜಿಯ ನಮ್ಮ ಅಕ್ಕನ ಮನೆಯವರು ಐದು ಮಂದಿ, ಕೊಲ್ಲಾಪುರದ ಮಗಳು-ಅಳಿಯಂದಿರ ಮನೆಯವರು ನಾಲ್ವರು, ನಾವು ಗಂಡ-ಹೆಂಡತಿ, ಒಟ್ಟು ಹನ್ನೊಂದು ಜನ. ವಾಚಕರಲ್ಲಿ ಅನೇಕರು ಕೇಳಿದ್ದರಿಂದ ಈ ತಿಂಗಳು ಅದನ್ನೇ ಬರೆಯುತ್ತೇನೆ.

ಮೊದಲು ಈ ಹಡಗಿನ ಜಾತಕ ಹೇಳುತ್ತೇನೆ. ನಾವು ಹತ್ತಿದ ಎಂಪ್ರೆಸ್ ಹಡಗು ನಮ್ಮ ಸಮುದ್ರದಲ್ಲಿ ಹುಟ್ಟಿದ್ದಲ್ಲ. 1990ರಲ್ಲಿ ಫ್ರಾನ್ಸ್ ದೇಶದಲ್ಲಿ ಕಟ್ಟಿದಾಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಅಮೇರಿಕೆಯ ಮಿಯಾಮಿ ಬಂದರದಿಂದ ಬಹಾಮಾ ದ್ವೀಪಗಳಿಗೆ ಮೂರು-ನಾಲ್ಕು ರಾತ್ರಿಯ ವಿಹಾರ ಮಾಡಿಸಲೆಂದೇ ಅದನ್ನು ಕಟ್ಟಿದ್ದರು. ಕೆರೆಬಿಯನ್ ಸಮುದ್ರದಲ್ಲಿ ಬಹಳ ವರ್ಷ ದುಡಿದು, ಕ್ಯೂಬಾ ದೇಶದ ಹವಾನಾಕ್ಕೂ ಹೋಗಿ ಬಂದ ಮೇಲೆ, 2020ರ ಕೊನೆಗೆ ಮಾರಾಟವಾಯಿತು. 2021ರ ಸೆಪ್ಟೆಂಬರದಿಂದ ಕಾರ್ಡೆಲಿಯಾ ಕಂಪನಿಯವರು ಅದನ್ನು ಮುಂಬಯಿಯಿಂದ ನಡೆಸತೊಡಗಿದರು. 211 ಮೀಟರ ಉದ್ದ, ಹನ್ನೊಂದು ಅಂತಸ್ತು, ಸುಮಾರು 800 ಖೋಲಿ. ನಮಗೆ ಇದೇ ದೊಡ್ಡ ವಾಡೆ. ಆದರೆ 2024ರ ಜನೇವರಿಯಲ್ಲಿ ಮಿಯಾಮಿಯಿಂದ ಹೊರಟ ಐಕಾನ್ ಆಫ್ ದ ಸೀಸ್ ಹಡಗು ಇದರ ಐದು ಪಟ್ಟು ದೊಡ್ಡದು!

ಅಮೇರಿಕೆಯಲ್ಲಿರುವ ನಮ್ಮ ಬೀಗರ ಮಗ ಕೆರೆಬಿಯನ್ ವಿಹಾರ ಮಾಡಿ ಬಂದವನು. ಅವನು ಫೋನಿನಲ್ಲಿ ಹೇಳಿದ ಮಾತು ನಮ್ಮ ಹಡಗಿಗೂ ಹೊಂದುತ್ತದೆ: "ಕಾಕಾ, ಅಲ್ಲಿ ಊರು ನೋಡೋದು ಕಡಿಮಿ. ಹಡಗಾ ಒಂದು ಊರು." ಮುಂಜಾನೆಯಿಂದ ರಾತ್ರಿವರೆಗೆ ಊಟ, ಆಟ, ಹಾಡು, ನಾಟಕ, ಈಜುಕೊಳ. ಸಾಮಾನು ಕಟ್ಟುವುದು, ಬಿಚ್ಚುವುದು ಒಂದೇ ಸಲ. ಅಡುಗೆ ಚಿಂತೆ ಇಲ್ಲ. ಮೂರು ಮನೆಯ ಜನ ಒಂದೇ ಛಾವಣಿಯ ಕೆಳಗೆ ಇದ್ದರೂ ಒಬ್ಬರ ಕಾಲು ಒಬ್ಬರಿಗೆ ತಾಗುವುದಿಲ್ಲ. ಕೂಡು ಕುಟುಂಬಕ್ಕೆ ಇದು ಒಳ್ಳೆಯ ಅನುಕೂಲ.

ಆದರೆ ನಮ್ಮ ಮನೆಯಲ್ಲಿ ಹಡಗು ಹತ್ತುವ ಮೊದಲೇ ಒಂದು ಬಿರುಗಾಳಿ ಎದ್ದಿತ್ತು. ಕಾರಣ ನಮ್ಮ ಅಕ್ಕ.

ಅಕ್ಕನಿಗೆ ಎಪ್ಪತ್ತನಾಲ್ಕು. ಮೂವತ್ತು ವರ್ಷದಿಂದ ರಾತ್ರಿಭೋಜನ ತ್ಯಾಗ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಕೈ ತೊಳೆಯುವವಳು. ಕಂದಮೂಲ ಇಲ್ಲ, ಗಾಳಿಸಿ ಕಾಯಿಸಿದ ನೀರು, ಹೊರಗಿನ ಅಡುಗೆ ಮುಟ್ಟುವುದಿಲ್ಲ. ಭಾವನವರು ಇದ್ದಾಗ ಮಗ್ಗಗಳ ಸದ್ದಿನಲ್ಲಿಯೇ ಅವಳ ಆಯುಷ್ಯ ಕಳೆಯಿತು. ಶಿಖರಜಿ ನೋಡಿದ್ದಾಳೆ, 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೂ ಬಂದಿದ್ದಳು. ಸಮುದ್ರದ ಮೇಲೆ ಹೋಗಿರಲಿಲ್ಲ. ಶ್ರೀಪಾಲ-ಮೈನಾಸುಂದರಿಯ ಕಥೆ ನೂರು ಸಲ ಕೇಳಿದವಳಿಗೆ, ಶ್ರೀಪಾಲ ಬಿದ್ದ ಸಮುದ್ರ ಹೇಗಿರುತ್ತದೆ ಎಂದು ನೋಡುವ ಆಶೆ.

ಅಕ್ಕನ ಮಗನ ವಿಚಾರ ಬೇರೆ. "ಮಾಮಾ, ಆಯಿ ಬಂದರ ಎಲ್ಲಾರಿಗೂ ಕಿರಿಕಿರಿ. ಒಂದು ನಾಕು ದಿನ ನೇಮ ಸಡ್ಲ ಬಿಡಲಿ, ಇಲ್ಲಾಂದ್ರ ಮನ್ಯಾಗ ಇರಲಿ" ಎಂದ. ಮಾತು ಅಕ್ಕನ ಕಿವಿಗೆ ಬಿತ್ತು. ಆಕೆ ಅಳಲಿಲ್ಲ, ಸಿಟ್ಟಾಗಲಿಲ್ಲ. ನನಗೆ ಫೋನು ಮಾಡಿ, "ತಮ್ಮಾ, ನನ್ನ ಹೆಸರ ತಗದು ಬಿಡು" ಎಂದಳು. ಇಷ್ಟೇ. ಮುಂಗಡ ಕಟ್ಟುವ ದಿನ ಇನ್ನು ಮೂರೇ ಉಳಿದಿತ್ತು. ಆಕೆಯನ್ನು ಬಿಟ್ಟು ಹೋದರೆ ಹೋಗಿ ಬಂದ ಮೇಲೆ ಆ ಮನೆಯಲ್ಲಿ ಯಾರ ಮುಖ ಯಾರು ನೋಡಬೇಕು?

ನಾನು ಇಚಲಕರಂಜಿಗೆ ಹೋದೆ. ತಾಯಿ-ಮಗನನ್ನು ಎದುರಿಗೆ ಕೂಡಿಸಿಕೊಂಡು, ವ್ಯಾಪಾರದ ಕರಾರು ಮಾಡುವ ಹಾಗೆ ಒಂದೊಂದೇ ಬಾಬತ್ತು ಬರೆದೆ. ಟಿಕೀಟಿನ ಏಜೆಂಟನಿಗೆ ಅಲ್ಲಿಂದಲೇ ಫೋನು. ಜೈನ ಊಟ ಸಿಗುತ್ತದೆಯೇ? ಸಿಗುತ್ತದೆ, ಮೊದಲೇ ತಿಳಿಸಬೇಕು. ಒಲೆ, ಪಾತ್ರೆ ಬೇರೆಯೇ? ಅದರ ಖಾತ್ರಿ ಆತ ಕೊಡಲಾರ. ಇಲ್ಲಿ ನಮ್ಮವರು ಒಂದು ಮಾತು ತಿಳಿಯಬೇಕು. ಹೊರಗಿನ ಜಗತ್ತಿನಲ್ಲಿ ಜೈನ ಊಟವೆಂದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಇಲ್ಲದ ಊಟ. ನಮ್ಮ ನಿಮ್ಮಂಥ ಸಾಮಾನ್ಯ ಶ್ರಾವಕರಿಗೆ ಅದು ಸಾಕು. ವ್ರತ ಹಿಡಿದವರಿಗೆ ಸಾಲದು. ಮಾಂಸ ಬೇಯುವ ಅಡುಗೆಮನೆಯಿಂದ ಬಂದದ್ದನ್ನು ಅವರು ಮುಟ್ಟುವುದಿಲ್ಲ.

ಅಕ್ಕ ಕೇಳಿದಳು: "ಇಡೀ ಹಣ್ಣು ಸಿಗತಾವೇನು?" ಸಿಗುತ್ತವೆ. "ಬಿಸಿನೀರು?" ಅದೂ ಸಿಗುತ್ತದೆ. "ಹಂಗಾದರ ನಂದೇನು ತಕರಾರಿಲ್ಲ. ಅಷ್ಟಾಹ್ನಿಕದಾಗ ಎಂಟು ದಿನ ಫಲಾಹಾರ ಮಾಡೀನಿ, ನಾಕು ದಿನ ಏನು ದೊಡ್ಡದು? ನನ್ನ ಸಲುವಾಗಿ ಯಾರೂ ನೇಮ ಹಿಡಿಯೋದು ಬ್ಯಾಡ. ನಿಮ್ಮ ಸಲುವಾಗಿ ನಾ ಬಿಡೋದೂ ಬ್ಯಾಡ." ಮಗ ತಲೆ ಬಗ್ಗಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ ತಾನೇ ಪೆನ್ನು ತೆಗೆದುಕೊಂಡು ಫಾರ್ಮಿನಲ್ಲಿ ತಾಯಿಯ ಹೆಸರು ಬರೆದ.

ಮಹಾಲಕ್ಷ್ಮಿ ಎಕ್ಸಪ್ರೆಸ್ಸಿನಿಂದ ಮುಂಬಯಿಗೆ ಹೋಗಿ ಇಳಿದರೆ ಬಂದರ ದೂರವಿಲ್ಲ. ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ. ಲಕ್ಷದ್ವೀಪಕ್ಕೆ ಪರವಾನಗಿ ಬೇಕಾಗುವುದರಿಂದ ಗುರುತಿನ ಕಾಗದಗಳನ್ನು ಮೊದಲೇ ಕೊಟ್ಟಿರಬೇಕು.

ಹಡಗು ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷೆಯ ಕವಾಯತು. ಗಂಟೆ ಬಾರಿಸಿದಾಗ ಯಾವ ಜಾಗಕ್ಕೆ ಹೋಗಬೇಕು, ತೇಲು ಅಂಗಿ ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಹೇಳಿಕೊಡುತ್ತಾರೆ. ಹುಡುಗರು ಬೇಸರಪಟ್ಟರು. ನಾನು ಅವರಿಗೆ ರಾಮದಾಸ ಬೋಟಿನ ಕಥೆ ಹೇಳಿದೆ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ಆ ಬೋಟು ಮಳೆಗಾಲದ ಅಲೆಗೆ ಮಗುಚಿ 600ಕ್ಕೂ ಹೆಚ್ಚು ಜನ ಮುಳುಗಿದರು. ನಮ್ಮ ಹಿರಿಯರು ಬೋಟಿನ ಹೆಸರೆತ್ತಿದರೆ ಹೆದರುತ್ತಿದ್ದದ್ದು ಅದಕ್ಕೇ. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರದ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಹೊಸದಾಗಿ ಹತ್ತಿದವರಲ್ಲಿ ಕೆಲವರಿಗೆ ಆಗ ಇನ್ನೂ ಕವಾಯತು ಆಗಿರಲಿಲ್ಲ. ಆ ಬಳಿಕವೇ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಇದನ್ನು ಕೇಳಿದ ಮೇಲೆ ಹುಡುಗರು ಸುಮ್ಮನೆ ನಿಂತರು.

ಮೊದಲ ರಾತ್ರಿ ಅಕ್ಕನ ಸೊಸೆಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಅಕ್ಕ ತನ್ನ ಚೀಲದಿಂದ ಒಣಶುಂಠಿಯ ಪುಡಿ ತೆಗೆದು ಬಿಸಿನೀರಲ್ಲಿ ಕೊಟ್ಟಳು. ಹಸಿಶುಂಠಿ ಕಂದಮೂಲ, ಒಣಗಿದ್ದು ನಡೆಯುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುಂಜಾನೆ ಸೊಸೆ ಎದ್ದು ಓಡಾಡಿದಳು. ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಖೋಲಿಗಳಲ್ಲಿ ತೂಗಾಟ ಕಡಿಮೆ. ಮೈಗೆ ಆಗದವರು ಅಲ್ಲಿಯೇ ಖೋಲಿ ಕೇಳಿ ತೆಗೆದುಕೊಳ್ಳಬೇಕು.

ಎರಡನೇ ದಿನ ಸುತ್ತಲೂ ಬರೀ ನೀರು. ಮುಂಬಯಿಯಿಂದ ಅಗತ್ತಿ ದ್ವೀಪ ಸುಮಾರು 900 ಕಿಲೋಮೀಟರ. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಅಕ್ಕ ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡು ಬಾಳೆಹಣ್ಣು, ಕಿತ್ತಳೆ ತಿನ್ನತೊಡಗಿದಳು. ಹತ್ತು ವರ್ಷದ ಮೊಮ್ಮಗಳು ಹೋಗಿ, "ಆಯಿ, ಇನ್ನೂ ಬಿಸಲೈತಿ, ಈಗಾ ಊಟಾ?" ಎಂದಳು. "ಕಣ್ಣಿಗೆ ಕಾಣೂ ಬೆಳಕಿನಾಗ ಉಂಡರ ತಾಟಿನಾಗ ಜೀವ ಬಿದ್ದದ್ದು ಕಾಣತೈತಿ ಮಗಳ. ಅಷ್ಟಾ." ಹುಡುಗಿ ತಾನೂ ಒಂದು ಕಿತ್ತಳೆ ಸುಲಿದಳು. ಹಣ್ಣು ಮುಗಿಸಿ, ಕೈ ತೊಳೆದು, ಇಬ್ಬರೂ ಸೂರ್ಯ ಮುಳುಗುವುದನ್ನು ನೋಡುತ್ತ ಕೂತರು. ನಮ್ಮ ಊರಲ್ಲಿ ಸೂರ್ಯ ಗುಡ್ಡದ ಹಿಂದೆ ಹೋಗುತ್ತಾನೆ. ಅಲ್ಲಿ ಗುಡ್ಡವಿಲ್ಲ, ಮರವಿಲ್ಲ. ಪೂರ್ತಿ ದುಂಡಗೆ ಇದ್ದವನು ನೀರಿಗೆ ತಾಗಿ, ಅರ್ಧವಾಗಿ, ಗೆರೆಯಾಗಿ ಹೋಗುವುದನ್ನು ಕಣ್ಣಾರೆ ಕಂಡೆವು. ಮರುದಿನ ಆ ಹೊತ್ತಿಗೆ ಅಕ್ಕನ ಹತ್ತಿರ ನಾಲ್ಕು ಕುರ್ಚಿ ಇದ್ದವು. ನಾಲ್ಕನೆಯದರಲ್ಲಿ ಆಕೆಯ ಮಗ ಕೂತಿದ್ದ. ಯಾರೂ ಯಾರಿಗೂ ಉಪದೇಶ ಮಾಡಿರಲಿಲ್ಲ.

ಮೂರನೇ ದಿನ ಅಗತ್ತಿ. ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ದಂಡೆಗೆ ಬರಲಾರದು. ದೂರದಲ್ಲಿ ನಿಲ್ಲಿಸಿ ಸಣ್ಣ ಬೋಟುಗಳಲ್ಲಿ ಇಳಿಸುತ್ತಾರೆ. ಗಾಳಿ ಜೋರಾದರೆ ಇಳಿಯುವುದೇ ರದ್ದಾಗಬಹುದು. ದ್ವೀಪದ ಅಗಲ ಹೆಚ್ಚೆಂದರೆ ಸುಮಾರು ಒಂದು ಕಿಲೋಮೀಟರ. ತೆಂಗು, ಮೀನುಗಾರಿಕೆ ಬಿಟ್ಟರೆ ಹೆಚ್ಚಿನ ಉದ್ಯೋಗವಿಲ್ಲ. ಜನ ಮಲೆಯಾಳಿ ಮಾತಾಡುತ್ತಾರೆ. ನೆಲದ ಕೆಳಗೆ ಉಪ್ಪುನೀರಿನ ಮೇಲೆ ಸಿಹಿನೀರು ತೆಳ್ಳಗೆ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಅದೂ ಉಪ್ಪಾಗುತ್ತದೆ. ನಮ್ಮ ಹುಡುಗರು ದಂಡೆಯಲ್ಲಿ ಹವಳದ ತುಂಡು ಆರಿಸತೊಡಗಿದಾಗ ಅಲ್ಲಿಯ ಮನುಷ್ಯ ತಡೆದ. ಅದನ್ನು ಒಯ್ಯುವುದು ಕಾಯದೆಗೆ ವಿರುದ್ಧ. ಕಲ್ಲಿನಂತೆ ಕಂಡರೂ ಅದು ಸಣ್ಣ ಜೀವಿಗಳು ಕಟ್ಟಿದ ಮನೆ. ಅಕ್ಕ ಇದನ್ನು ಕೇಳಿ ಎಷ್ಟು ಎಚ್ಚರದಿಂದ ಕಾಲಿಟ್ಟಳೆಂದರೆ ಎಳನೀರಿನವನ ಹತ್ತಿರ ತಲುಪಲು ಅರ್ಧ ತಾಸು ಹಿಡಿಯಿತು.

ಇನ್ನು ಹಣದ ಮಾತು. ವ್ಯಾಪಾರಿಗಳ ಪತ್ರಿಕೆಯಲ್ಲಿ ಅದನ್ನು ಬಿಟ್ಟರೆ ಹೇಗೆ? ಮಿಯಾಮಿಯಿರಲಿ, ಮುಂಬಯಿಯಿರಲಿ, ಈ ಧಂದೆಯ ಹಿಕಮತ್ತು ಒಂದೇ. ಟಿಕೀಟು ಎಂದರೆ ಗಿರಾಕಿಯನ್ನು ಅಂಗಡಿಯೊಳಗೆ ಕರೆಯುವ ದರ. ಗಳಿಕೆಯ ಒಂದು ಮುಖ್ಯ ಪಾಲು ಒಳಗಿನ ಖರ್ಚಿನಿಂದಲೂ ಬರುತ್ತದೆ. ಮದ್ಯ, ಜೂಜಿನ ಕೋಣೆ, ಮಾಲೀಸು, ಫೋಟೋ, ಇಂಟರನೆಟ್ಟು, ದಂಡೆಯ ಮೇಲಿನ ಸುತ್ತಾಟ ಇವೆಲ್ಲ ಬೇರೆ. ಜಾಹೀರಾತಿನ ದರ ಒಂದು ಖೋಲಿಗೆ ಇಬ್ಬರೆಂದು ಹಿಡಿದು ತಲೆಗೆ ಇಷ್ಟು ಎಂದಿರುತ್ತದೆ. ಬಂದರದ ಶುಲ್ಕ, ಸೇವೆಯ ಶುಲ್ಕ, ತೆರಿಗೆ ಕೂಡಿಸಿ ಪೂರ್ತಿ ಮೊತ್ತ ಬರೆದು ತೆಗೆದುಕೊಳ್ಳಿರಿ. ಹಡಗಿನಲ್ಲಿ ರೊಕ್ಕ ಕೈಯಿಂದ ಕೈಗೆ ಹೋಗುವುದಿಲ್ಲ. ಖೋಲಿಯ ಕಾರ್ಡು ತೋರಿಸಿದರೆ ಖಾತೆಗೆ ಬರೆಯುತ್ತಾರೆ. ನಾವು ಜೀವನವಿಡೀ ಉದ್ರಿ ಬರೆದವರು. ಉದ್ರಿ ಕೊಂಡವನಿಗೆ ಕೊಳ್ಳುವಾಗ ಎಷ್ಟು ಹಗುರ, ತೀರಿಸುವಾಗ ಎಷ್ಟು ಭಾರ ಎಂಬುದು ನಮಗಿಂತ ಯಾರಿಗೆ ಗೊತ್ತು? ಅಳಿಯಂದಿರ ಮಗನ ಹೆಸರಿಗೆ ಕೊನೆಯ ದಿನ ಬಂದ ಬಿಲ್ಲು ನೋಡಿ ಮಗಳ ಮುಖ ಸಣ್ಣದಾಯಿತು. ಇಂಟರನೆಟ್ಟು ಮತ್ತು ಆಟಗಳೇ ಅರ್ಧ. ಕಾಯದೆಯ ಪ್ರಕಾರ ಬರೆದದ್ದು, ತಕರಾರಿಗೆ ಜಾಗವಿಲ್ಲ. ಆ ಹುಡುಗ ಊರಿಗೆ ಬಂದ ಮೇಲೆ ತನ್ನ ಕೈಖರ್ಚಿನಲ್ಲಿ ಐದು ತಿಂಗಳು ಅದನ್ನು ತೀರಿಸಿದ. ನಾನು ಕೊಡುತ್ತೇನೆಂದರೂ ಅವನ ತಾಯಿ ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದಳು.

ಮದ್ಯ, ಜೂಜು ಇರುವಲ್ಲಿಗೆ ನಮ್ಮ ಮಕ್ಕಳನ್ನು ಒಯ್ಯಬೇಕೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಕೇಳುವ ಮಾತೇ. ಆದರೆ ಆ ಅಂಗಡಿಗಳು ಈಗ ಕೊಲ್ಲಾಪುರದ ರಸ್ತೆಯಲ್ಲೂ ಇವೆ, ಮಕ್ಕಳ ಕಿಸೆಯಲ್ಲಿರುವ ಫೋನಿನಲ್ಲೂ ಇವೆ. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಚಿಕಾಗೋದ ಸರ್ವಧರ್ಮ ಸಭೆಗೆ ಹಡಗಿನಲ್ಲಿ ಹೋದರು. ವಾಹನ ಹತ್ತದ ಮುನಿ ಆತ್ಮಾರಾಮಜಿಯವರು ತಮ್ಮ ಬದಲಿಗೆ ಅವರನ್ನು ಕಳಿಸಿದ್ದರು. ಸಮುದ್ರ ದಾಟಿದರೆಂದು ನಮ್ಮವರೇ ಕೆಲವರು ಅವರನ್ನು ವಿರೋಧಿಸಿದರು. ಅವರಾದರೋ ಪರದೇಶದಲ್ಲಿಯೂ ಶಾಕಾಹಾರ ಬಿಡಲಿಲ್ಲ. ಸಮುದ್ರ ಯಾರ ನೇಮವನ್ನೂ ಕಸಿದುಕೊಳ್ಳುವುದಿಲ್ಲ. ನೇಮ ಗಟ್ಟಿ ಇರಬೇಕು, ಮತ್ತು ಮನೆಯವರು ಅದಕ್ಕೆ ಮರ್ಯಾದೆ ಕೊಡಬೇಕು.

ಆದ್ದರಿಂದ ಹೋಗಬೇಕೆನ್ನುವವರಿಗೆ ನನ್ನ ಮಾತು ಇಷ್ಟು. ಮಳೆಗಾಲ ಬಿಟ್ಟು ಚಳಿಗಾಲದಲ್ಲಿ ಹೋಗಿರಿ. ಊಟದ ವಿಷಯವನ್ನು ಬುಕಿಂಗಿನ ದಿನವೇ ಬರೆದು ಕೊಡಿರಿ. ಜೈನ ಊಟ ಎಂಬ ಎರಡು ಶಬ್ದಕ್ಕೆ ನಿಲ್ಲದೆ ಏನೇನು ಬೇಡ, ಎಷ್ಟು ಗಂಟೆಗೆ ಬೇಕು ಎಂದು ಬಿಡಿಸಿ ಬರೆಯಿರಿ. ಕಿರಿಯರ ಖರ್ಚಿಗೆ ಒಂದು ಹದ್ದು ಹಾಕಿ ದಿನಾ ರಾತ್ರಿ ಖಾತೆ ನೋಡಿರಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ವ್ರತ ಹಿಡಿದ ಹಿರಿಯರಿದ್ದರೆ "ಇವರಿಗೆ ಆಗುವುದಿಲ್ಲ" ಎಂದು ನೀವೇ ತೀರ್ಮಾನಿಸಬೇಡಿರಿ. ಅವರನ್ನು ಕೂಡಿಸಿಕೊಂಡು ಕೇಳಿರಿ. ಬರುತ್ತೇನೆಂದರೆ ಕರೆದುಕೊಂಡು ಹೋಗಿರಿ, ಒಲ್ಲೆನೆಂದರೆ ಕೈಮುಗಿದು ಹೋಗಿ ಬನ್ನಿರಿ. ಮಳೆಗಾಲದ ನೆಲೆಯಂತೆ ಹಡಗುಗಳ ಮಾರ್ಗ ಬದಲಾಗುತ್ತಿರುತ್ತದೆ. ಹೋಗುವ ವರ್ಷದ ವೇಳಾಪತ್ರಿಕೆಯನ್ನು ಹೊಸದಾಗಿ ವಿಚಾರಿಸಿಯೇ ಮುಂಗಡ ಕೊಡಿರಿ.