ತಕ್ಕಡಿಯಲ್ಲಿ ಅಪರಾಧವೊಂದೇ ಇತ್ತೇ?

ಅಪರಾಧಕ್ಕೆ ತಕ್ಕ ಶಿಕ್ಷೆ ಎಂಬ ಮಾತನ್ನು ನಾವು ಸಹಜವಾಗಿ ಆಡುತ್ತೇವೆ. ಆದರೆ ತಕ್ಕಡಿಯಲ್ಲಿ ತೂಗುವುದು ಅಪರಾಧವನ್ನೊಂದೇ ಎಂಬ ನಮ್ಮ ನಂಬಿಕೆ, ಅಮೆರಿಕದ ಜಾರ್ಜಿಯ ರಾಜ್ಯದ ವಾರನ್ ಮೆಕ್ಲೆಸ್ಕಿಯ ಮೊಕದ್ದಮೆಯನ್ನು ನೆನೆದಾಗ ಅಲುಗಾಡುತ್ತದೆ.

1978ರಲ್ಲಿ ಅಟ್ಲಾಂಟ ನಗರದ ಪೀಠೋಪಕರಣಗಳ ಅಂಗಡಿಯೊಂದರಲ್ಲಿ ನಡೆದ ದರೋಡೆಯ ವೇಳೆ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬರು ಗುಂಡೇಟಿಗೆ ಬಲಿಯಾದರು. ಕಪ್ಪು ವರ್ಣೀಯನಾದ ಮೆಕ್ಲೆಸ್ಕಿಗೆ ಮರಣದಂಡನೆಯಾಯಿತು. ಸಾಮಾನ್ಯ ನಾಗರಿಕರಿಂದ ಆಯ್ದ ಹನ್ನೆರಡು ಮಂದಿಯ ಜ್ಯೂರಿಯಲ್ಲಿ ಹನ್ನೊಂದು ಮಂದಿ ಬಿಳಿಯರು. ಕೃತ್ಯ ಘೋರವಾದುದು, ಮೃತರ ಮನೆಯವರ ದುಃಖವನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ.

ಆತನ ವಕೀಲರು ಪ್ರಾಧ್ಯಾಪಕ ಡೇವಿಡ್ ಬಾಲ್ಡಸ್ ಮತ್ತವರ ಸಂಗಡಿಗರ ಅಧ್ಯಯನವನ್ನು ನ್ಯಾಯಾಲಯದ ಮುಂದಿರಿಸಿದರು. ಜಾರ್ಜಿಯದ ಎರಡು ಸಾವಿರಕ್ಕೂ ಮಿಕ್ಕ ಕೊಲೆ ಪ್ರಕರಣಗಳನ್ನು ಅವರು ಪರಿಶೀಲಿಸಿದ್ದರು. ಆರೋಪಿ ಕಪ್ಪು ವರ್ಣೀಯ, ಹತರಾದವರು ಬಿಳಿಯರು ಎಂಬಲ್ಲಿ ಶೇ. 22ರಷ್ಟು ಪ್ರಕರಣಗಳಲ್ಲಿ ಮರಣದಂಡನೆ. ಅದು ತಿರುವುಮುರುವಾದಲ್ಲಿ ಶೇ. 3 ಮಾತ್ರ. ಇತರ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಬಿಳಿಯರನ್ನು ಕೊಂದವರಿಗೆ ಮರಣದಂಡನೆಯ ಸಂಭವ 4.3 ಪಟ್ಟು ಹೆಚ್ಚಾಗಿತ್ತು.

1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅಂಕಿಅಂಶಗಳು ಸರಿಯೆಂದೇ ಇಟ್ಟುಕೊಂಡಿತು. ಆದರೂ ಮೆಕ್ಲೆಸ್ಕಿಯ ವಿಷಯದಲ್ಲಿ ಉದ್ದೇಶಪೂರ್ವಕ ಭೇದ ಸಾಬೀತಾಗಿಲ್ಲವೆಂದು ಐದು–ನಾಲ್ಕರ ಬಹುಮತದಿಂದ ಮೇಲ್ಮನವಿಯನ್ನು ತಳ್ಳಿಹಾಕಿತು. ವಾದವನ್ನು ಒಪ್ಪಿದರೆ ಇಡೀ ದಂಡನಾವ್ಯವಸ್ಥೆಯೇ ಪ್ರಶ್ನೆಗೊಳಗಾದೀತೆಂಬ ಅಳುಕು ತೀರ್ಪಿನಲ್ಲಿಯೇ ಕಾಣುತ್ತದೆ. ಪೀಠದಲ್ಲಿ ಇಬ್ಬರು ಕಥೋಲಿಕರಿದ್ದರು. ಬ್ರೆನನ್ ಭಿನ್ನಮತ ಬರೆದರು. ಸ್ಕಾಲಿಯ ಬಹುಮತದೊಡನೆ ನಿಂತರು. ಇದನ್ನು ಮರೆಮಾಚುವುದು ನಮಗೆ ಶೋಭಿಸದು.

ಜ್ಯೂರಿಯ ಆಯ್ಕೆಯೂ ನಮ್ಮನ್ನು ಯೋಚನೆಗೀಡುಮಾಡುತ್ತದೆ. ಮರಣದಂಡನೆಯನ್ನು ಎಂದಿಗೂ ವಿಧಿಸಲಾರೆನೆನ್ನುವವರನ್ನು ಅಲ್ಲಿ ಇಂತಹ ಮೊಕದ್ದಮೆಗಳ ಜ್ಯೂರಿಯಿಂದ ಕೈಬಿಡಲಾಗುತ್ತದೆ. ಪೋಪ್ ಫ್ರಾನ್ಸಿಸರು 2018ರಲ್ಲಿ ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನು ತಿದ್ದಿ, ಮರಣದಂಡನೆ ಸ್ವೀಕಾರಾರ್ಹವಲ್ಲವೆಂದು ಸಾರಿದರು. ಈ ಬೋಧನೆಯನ್ನು ಮನಸಾರೆ ಒಪ್ಪಿ, ನ್ಯಾಯಾಧೀಶರ ಮುಂದೆ ಹಾಗೆಯೇ ನುಡಿಯುವ ಕಥೋಲಿಕ ತಾಯಿಗೆ ಆ ಜ್ಯೂರಿಯಲ್ಲಿ ಸ್ಥಾನವಿಲ್ಲ. ಹೀಗೆ ಜರಡಿ ಹಿಡಿದು ಉಳಿಸಿಕೊಂಡವರ ಮಾತನ್ನು ಸಮಾಜದ ಆತ್ಮಸಾಕ್ಷಿಯೆಂದು ಕರೆಯಲು ನಮಗಂತೂ ಮನಸ್ಸೊಪ್ಪದು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲರನ್ನು, ನಿವೃತ್ತಿಯ ನಂತರ 1991ರಲ್ಲಿ, ತಾವಿತ್ತ ಯಾವುದಾದರೂ ಮತವನ್ನು ಬದಲಿಸಬಯಸುವಿರಾ ಎಂದು ಅವರ ಜೀವನಚರಿತ್ರೆಕಾರರು ಕೇಳಿದರು. ಅವರು ಹೆಸರಿಸಿದ್ದು ಈ ಪ್ರಕರಣವನ್ನೇ. ಅದೇ ವರ್ಷದ ಸೆಪ್ಟೆಂಬರ್ 25ರಂದು ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಗೇರಿಸಲಾಯಿತು.