‘ಸರ್ಚ್‌ನಲ್ಲಿ ಬರ್ತಿಲ್ಲ’ ಅಂದರೆ ‘ಹೆಸರಿಲ್ಲ’ ಅಂತಲ್ಲ ಸ್ವಾಮಿ

ಮೊದಲು ಈ ಎರಡು ಹೆಸರು ನೋಡಿ.

ಗಂಗಮ್ಮ

ಗ೦ಗಮ್ಮ

ಒಂದೇ ಥರ ಕಾಣುತ್ತಿವೆಯಲ್ಲ? ಕೆಲವು ಫೋನಿನಲ್ಲಿ ಸೊನ್ನೆಯ ಗಾತ್ರ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡೀತು, ಅಷ್ಟೇ. ಆದರೆ ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಮೊದಲ ಹೆಸರಿನಲ್ಲಿರುವುದು ‘ಅಂ’ ಬರೆಯುವಾಗ ಹಾಕುವ ಅನುಸ್ವಾರ. ಎರಡನೆಯದರಲ್ಲಿರುವುದು ೧೦, ೨೦ ಎಂದು ಬರೆಯುವಾಗ ಬರುವ ಅಂಕಿ. ಶಾಲೆಯಲ್ಲಿ ಎರಡಕ್ಕೂ ಸೊನ್ನೆ ಅಂತಲೇ ಅಂದುಕೊಂಡು ಬೆಳೆದವರು ನಾವು. ಟೈಪ್ ಮಾಡುವ ಕೈಯಲ್ಲಿ ಅವು ಅದಲುಬದಲಾಗುವುದು ಆಶ್ಚರ್ಯವೇನಲ್ಲ. ಆದರೆ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಕೇತ 0ಸಿ82, ಅಂಕಿಯ ಸಂಕೇತ 0ಸಿಇ6. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ಈ ಒಂದು ಸೊನ್ನೆಗಾಗಿ ನಮ್ಮೂರ ಕಡೆಯ ಅಜ್ಜಿಯೊಬ್ಬರು ಮೂರು ದಿನದ ಕೂಲಿ ಕಳೆದುಕೊಂಡರು. ಅವರ ಹೆಸರು ಗಂಗಮ್ಮ ಅಲ್ಲ, ಆದರೆ ಅದರಲ್ಲೂ ಒಂದು ಸೊನ್ನೆ ಇದೆ. ಕಚೇರಿ ಯಾವುದು ಅಂತ ಬರೆಯುವುದಿಲ್ಲ, ಯಾಕೆಂದರೆ ಇದು ಒಂದೇ ಕಚೇರಿಯಲ್ಲಿ ಆಗುವ ಕಥೆಯಲ್ಲ.

‘ಪೇಪರಿನಾಗೆ ಬರಿತೀಯಲ್ಲಪ್ಪ, ನಂದೊಂದು ನೋಡು. ಹೋದಾಗೆಲ್ಲ ಪಟ್ಟೀಲಿ ಹೆಸ್ರಿಲ್ಲ ಅಂತಾರೆ’ ಅಂದರು. ಜೊತೆಗೆ ಹೋದೆ. ಆಪರೇಟರ್ ಹುಡುಗ ಕೆಟ್ಟವನಲ್ಲ. ನಮ್ಮೆದುರಿಗೇ ಹೆಸರು ಟೈಪ್ ಮಾಡಿ ಸರ್ಚ್ ಹೊಡೆದ. ‘ನೋಡಿ ಸರ್, ಬರ್ತಿಲ್ಲ. ಇಲ್ಲ ಅಂದ್ರೆ ಇಲ್ಲ’ ಅಂದ. ನಾನು ಪಟ್ಟಿಯನ್ನು ವಾಟ್ಸ್‌ಆ್ಯಪ್‌ಗೆ ಹಾಕಿಸಿಕೊಂಡೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತೆರೆದು ಪಟ್ಟಿಯನ್ನು ಅದಕ್ಕೆ ಸುರಿದೆ. ಪೂರ್ತಿ ಹೆಸರು ಬಿಟ್ಟು, ಸೊನ್ನೆ ಇಲ್ಲದ ಹಿಂಭಾಗವನ್ನಷ್ಟೇ ಹುಡುಕಿದೆ. ಗಂಡನ ಹೆಸರು, ಊರು ಎಲ್ಲ ಸರಿಯಾಗಿರುವ ಸಾಲು ಸಿಕ್ಕಿತು. ಆ ಸೊನ್ನೆಯನ್ನು ಆರಿಸಿ, ಕನ್ವರ್ಟರ್ ಪ್ಲಗಿನ್‌ನಲ್ಲಿ ಅದರ ಸಂಕೇತ ತೆಗೆದೆ. ಇ0 ಬಿ2 82 ಬರಬೇಕಿದ್ದ ಜಾಗದಲ್ಲಿ ಇ0 ಬಿ3 ಎ6 ಬಂತು. ಅಕ್ಷರದ ಜಾಗದಲ್ಲಿ ಅಂಕಿ ಕೂತಿತ್ತು. ಅದೇ ಪಟ್ಟಿಯಲ್ಲಿ ಇನ್ನೂ ಕೆಲವರಿಗೆ ಅದೇ ಗತಿಯಾಗಿತ್ತು. ಅವರು ಎಷ್ಟು ಸಲ ಬಂದು ವಾಪಸ್ ಹೋಗಿದ್ದರೋ ಏನೋ.

ಈಗ ನನ್ನ ಜಗಳಕ್ಕೆ ಬರುತ್ತೇನೆ.

ಪ್ರೋಗ್ರಾಮರ್‌ಗಳು ಬಳಸುವ ಎಡಿಟರ್ ಎಂದರೆ ‘ಅದು ಎಂಜಿನಿಯರ್‌ಗಳ ಸಾಮಾನು, ನಮಗ್ಯಾಕೆ’ ಅನ್ನುವ ಮಾತು ನಮ್ಮಲ್ಲಿ ಬೇರು ಬಿಟ್ಟಿದೆ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಪುಟ ಕಟ್ಟುವುದು ಕಲಿಸಿದರು, ಕಡತದ ಒಳಗೆ ಏನಿದೆ ಎಂದು ನೋಡುವುದು ಕಲಿಸಲಿಲ್ಲ. ಕಚೇರಿಯ ಆಪರೇಟರ್‌ಗಳಿಗೂ ಯಾರೂ ಕಲಿಸಿಲ್ಲ. ವರ್ಡ್‌ನಂಥ ತಂತ್ರಾಂಶ ಅಕ್ಷರ ಹೇಗೆ ಕಾಣಬೇಕು ಅನ್ನುವುದರ ಕಡೆ ಗಮನ ಕೊಡುತ್ತದೆ. ಎಡಿಟರ್ ಕಡತದಲ್ಲಿ ನಿಜವಾಗಿ ಯಾವ ಅಕ್ಷರ ಇದೆ ಅನ್ನುವುದನ್ನು ತೋರಿಸುತ್ತದೆ. ಬಡವರ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿ ಕೂತಿರುವ ಕಾಲದಲ್ಲಿ ಎರಡನೆಯದು ಬೇಕಾಗಿರುವುದು ಬೆಂಗಳೂರಿನ ಐಟಿ ಹುಡುಗರಿಗೆ ಮಾತ್ರವಲ್ಲ.

ದುಡ್ಡಿನ ನೆಪವೂ ನಡೆಯುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ 2003ರಿಂದ ಇದೆ, ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಲಿನಕ್ಸ್ ಇದ್ದವರಿಗೆ ಕೇಟ್ ಇದೆ, ಈಮ್ಯಾಕ್ಸ್ ಇದೆ. ಈಮ್ಯಾಕ್ಸ್‌ನೊಳಗೆ ಕನ್ನಡ ಟೈಪಿಂಗ್ ವಿಧಾನವೂ ಸೇರಿಯೇ ಬರುತ್ತದೆ.

‘ಹಾಕಿ ನೋಡಿದೆ ಮಾರಾಯ, ಅದರಲ್ಲಿ ಕನ್ನಡವೇ ಬರಲ್ಲ’ ಅನ್ನುವವರಿದ್ದಾರೆ. ಬರುತ್ತದೆ. ಕಾಯಿಲೆ ಯಾವುದು ಅಂತ ತಿಳಿದು ಮದ್ದು ಹಾಕಬೇಕು. ನಾನು ಕಂಡಿರುವುದು ನಾಲ್ಕು ಕಾಯಿಲೆ.

ಒಂದು, ಅಕ್ಷರದ ಜಾಗದಲ್ಲಿ ಚೌಕ ಡಬ್ಬಿ ಕಾಣುವುದು. ಹೆದರಬೇಡಿ, ಕಡತಕ್ಕೆ ಏನೂ ಆಗಿಲ್ಲ. ಎಡಿಟರ್ ಹಿಡಿದಿರುವ ಫಾಂಟ್‌ನಲ್ಲಿ ಕನ್ನಡ ಇಲ್ಲ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಸ್ಟೈಲ್ ಕಾನ್ಫಿಗರೇಟರ್ ತೆರೆದು, ಡಿಫಾಲ್ಟ್ ಸ್ಟೈಲ್‌ನಲ್ಲಿ ಫಾಂಟನ್ನು ನಿರ್ಮಲಾ ಯುಐ ಮಾಡಿ. ಹಳೆಯ ವಿಂಡೋಸ್ ಆದರೆ ತುಂಗಾ. ಒತ್ತಕ್ಷರ ಒಡೆದು ಕಂಡರೆ ಪ್ರಿಫರೆನ್ಸಸ್‌ನಲ್ಲಿ ಡೈರೆಕ್ಟ್‌ರೈಟ್ ಆರಿಸಿ, ಒಮ್ಮೆ ಮುಚ್ಚಿ ತೆರೆಯಿರಿ.

ಎರಡು, ತಲೆಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಸಣ್ಣ ‘ಎ’ ಸಾಲುಸಾಲಾಗಿ ಬರುವುದು. ಇದೂ ಜೀವ ಹೋಗುವ ಕಾಯಿಲೆಯಲ್ಲ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಆ ಮೂರನ್ನು ಮೂರು ಬೇರೆ ಬೇರೆ ಅಕ್ಷರ ಎಂದು ಓದಿದಾಗ ಹೀಗಾಗುತ್ತದೆ. ಎನ್ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಆರಿಸಿದರೆ ಸಾಕು. ಕನ್ನಡದ ಸಿಎಸ್‌ವಿ ಕಡತ ಎಕ್ಸೆಲ್‌ನಲ್ಲಿ ಹೀಗೆ ಕಂಡರೆ, ಮೊದಲು ಎಡಿಟರ್‌ನಲ್ಲಿ ತೆರೆದು ‘ಕನ್ವರ್ಟ್ ಟು ಯುಟಿಎಫ್-8-ಬಾಮ್’ ಕೊಟ್ಟು ಉಳಿಸಿ, ಆಮೇಲೆ ಎಕ್ಸೆಲ್‌ನಲ್ಲಿ ತೆರೆಯಿರಿ.

ಮೂರು, ಬರೀ ಪ್ರಶ್ನಾರ್ಥಕ ಚಿಹ್ನೆ. ಇದು ಕೆಟ್ಟದ್ದು. ಆನ್ಸಿ ರೂಪದಲ್ಲಿರುವ ಕಡತಕ್ಕೆ ಕನ್ನಡ ಹಾಕಿ ಉಳಿಸಿದರೆ ಅಕ್ಷರ ಹೋಗಿ ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ ಕೂರುತ್ತದೆ. ಅದನ್ನು ವಾಪಸ್ ತರುವ ಮಂತ್ರ ಇಲ್ಲ, ಹಳೆಯ ಪ್ರತಿಯೇ ಗತಿ. ಅದಕ್ಕೇ ಹೊಸ ಕಡತಗಳೆಲ್ಲ ಯುಟಿಎಫ್-8ರಲ್ಲೇ ಹುಟ್ಟುವಂತೆ ಪ್ರಿಫರೆನ್ಸಸ್‌ನಲ್ಲಿ ಒಮ್ಮೆ ಹೊಂದಿಸಿಬಿಡಿ.

ನಾಲ್ಕು, ಹಳೆಯ ನುಡಿ, ಬರಹ ಕಡತ. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇಲ್ಲಿ ಕಡತದೊಳಗೆ ಇರುವುದೇ ಆ ಇಂಗ್ಲಿಷ್ ಸಂಕೇತಗಳು, ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟ್. ಎನ್ಕೋಡಿಂಗ್ ಮೆನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಬೇಕು. ತಂದ ಮೇಲೆ ಕಣ್ಣಿಟ್ಟು ಓದಬೇಕು, ಯಾಕೆಂದರೆ ಪರಿವರ್ತನೆಯಲ್ಲೂ ಅಕ್ಷರ ತಪ್ಪುತ್ತದೆ.

ಇನ್ನು ಸೊನ್ನೆ ಕಾಯಿಲೆಗೆ ಮದ್ದು. ಹುಡುಕುವ ಕಿಟಕಿಯ ಕೆಳಗೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂದಿರುವುದನ್ನು ಆರಿಸಿ [ಅ-ಹ]೦ ಎಂದು ಟೈಪ್ ಮಾಡಿ. ಇಲ್ಲಿ ಕೊನೆಯ ಸೊನ್ನೆ ಅಂಕಿಯದ್ದೇ ಆಗಿರಬೇಕು. ಅ ದಿಂದ ಹ ವರೆಗಿನ ಯಾವುದೇ ಅಕ್ಷರದ ಬೆನ್ನಿಗೆ ಅಂಟಿಕೊಂಡಿರುವ ಅಂಕಿ ಸೊನ್ನೆಗಳು ಸಿಗುತ್ತವೆ. ಶಾಂತಮ್ಮ, ಸಿಂಗಾರಿ ಥರ ಕಾಗುಣಿತದ ಬೆನ್ನಿಗೆ ಬಂದವು ಇದರಲ್ಲಿ ಸಿಗುವುದಿಲ್ಲ, ಅವಕ್ಕೆ ಬರೀ ೦ ಹುಡುಕಿ ಒಂದೊಂದಾಗಿ ನೋಡಿ. ದಯವಿಟ್ಟು ಎಲ್ಲ ೦ಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಲು ಹೋಗಬೇಡಿ. ೨೦೨೪ರಲ್ಲಿರುವ ಸೊನ್ನೆಯೂ ಹೋಗಿ ಇಸವಿಗಳು, ಸರ್ವೆ ನಂಬರುಗಳು ಎಲ್ಲ ಹಾಳಾಗುತ್ತವೆ. ಮೊದಲು ಮೂಲ ಕಡತದ ಒಂದು ಪ್ರತಿ ಎತ್ತಿಡಿ, ಆಮೇಲೆ ಕೈ ಹಾಕಿ.

ಕಣ್ಣಿಗೇ ಕಾಣದ ಅಕ್ಷರಗಳೂ ಇವೆ. ‘ಕುಮಾರ್’ ಎಂಬ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಅಗಲವೇ ಇಲ್ಲದ ಒಂದು ಸಂಕೇತ ಸೇರಿಸಿಬಿಡುತ್ತವೆ. ಕಾಗದಕ್ಕೆ ಪ್ರಿಂಟ್ ತೆಗೆದರೂ ಅದು ಕಾಣದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಹೊಸ ಆವೃತ್ತಿಗಳಲ್ಲಿ ವ್ಯೂ ಮೆನುವಿನ ‘ಶೋ ಸಿಂಬಲ್’ ಒಳಗೆ ಇಂಥವನ್ನು ಬಯಲಿಗೆಳೆಯುವ ಆಯ್ಕೆ ಇದೆ.

ಎದುರು ಮಾತನ್ನೂ ಒಪ್ಪಿಕೊಳ್ಳುತ್ತೇನೆ. ಎಡಿಟರ್ ಹೊಂದಿಸುವುದು ಚಟವಾಗಬಹುದು. ಕಪ್ಪು ಹಿನ್ನೆಲೆಗೆ ಯಾವ ಬಣ್ಣದ ಅಕ್ಷರ ಚೆಂದ ಅಂತ ಒಂದಿಡೀ ರಾತ್ರಿ ಕಳೆದು, ಬೆಳಿಗ್ಗೆ ಕೊಡಬೇಕಿದ್ದ ಸುದ್ದಿಯನ್ನು ನಾನೇ ತಪ್ಪಿಸಿದ್ದೇನೆ. ಕಂಡ ಪ್ಲಗಿನ್ ಎಲ್ಲ ತುಂಬಿ ಎಡಿಟರ್ ತೆರೆಯದ ಹಾಗೆ ಮಾಡಿಕೊಂಡಿದ್ದೇನೆ. ಆಗ ಅಂಗಡಿಯವರು ‘ಫಾರ್ಮ್ಯಾಟ್ ಹೊಡೀಬೇಕು’ ಅಂದರು. ಬೇಕಿರಲಿಲ್ಲ. ಪ್ಲಗಿನ್‌ಗಳಿಲ್ಲದೆ ತೆರೆಯುವ ‘ನೋಪ್ಲಗಿನ್’ ಎಂಬ ಆಯ್ಕೆ ಇದೆ. ಹಾಗೆ ತೆರೆದುಕೊಂಡರೆ ತಪ್ಪು ಪ್ಲಗಿನ್‌ನಲ್ಲಿದೆ ಎಂದರ್ಥ. ಒಂದೊಂದಾಗಿ ತೆಗೆದು ನೋಡಿದರೆ ಕಳ್ಳ ಸಿಗುತ್ತಾನೆ. ಹಳ್ಳಿಯಲ್ಲಿ ಪಂಪ್‌ಸೆಟ್ ಕೆಟ್ಟರೆ ನಾವು ಹೊಸ ಬೋರ್ ಕೊರೆಸುತ್ತೇವೆಯೇ? ಮೊದಲು ಫ್ಯೂಸ್ ನೋಡುತ್ತೇವೆ, ಆಮೇಲೆ ಸ್ಟಾರ್ಟರ್, ಆಮೇಲೆ ಮೋಟರ್ ಎತ್ತುತ್ತೇವೆ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಆ ಬುದ್ಧಿಯನ್ನು ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರುತ್ತೇವೆ.

‘ತಪ್ಪು ಟೈಪ್ ಮಾಡಿದವರದ್ದು, ಎಡಿಟರ್ ಕಲಿತು ಏನು ಮಾಡೋದು’ ಅಂತಲೂ ಒಬ್ಬ ಸಹೋದ್ಯೋಗಿ ಅಂದರು. ಟೈಪ್ ಮಾಡುವಾಗ ಎಲ್ಲರ ಕೈಯೂ ತಪ್ಪುತ್ತದೆ, ನನ್ನದೂ ತಪ್ಪುತ್ತದೆ. ನನ್ನ ತಕರಾರು ತಪ್ಪಿನ ಮೇಲಲ್ಲ. ತಪ್ಪು ಕಡತದಲ್ಲಿದ್ದರೂ ಅದರ ದಂಡ ಅಜ್ಜಿ ಕಟ್ಟುತ್ತಾರಲ್ಲ, ಅದರ ಮೇಲೆ. ಕಂಪ್ಯೂಟರ್ ಹೇಳಿದ್ದು ‘ನೀನು ಟೈಪ್ ಮಾಡಿದ ಈ ಸಂಕೇತಗಳು ಇದೇ ಕ್ರಮದಲ್ಲಿ ಇಲ್ಲಿಲ್ಲ’ ಅಂತ ಮಾತ್ರ. ಅದನ್ನು ‘ನಿನ್ನ ಹೆಸರಿಲ್ಲ, ಹೋಗು’ ಅಂತ ಅನುವಾದಿಸಿದವರು ಮನುಷ್ಯರು.

ಆದ್ದರಿಂದ ನಾನು ಕೇಳುವುದು ಮೂರು. ಕನ್ನಡ ಪಟ್ಟಿ ಇಟ್ಟುಕೊಂಡಿರುವ ಪ್ರತಿ ಕಚೇರಿಯ ಕಂಪ್ಯೂಟರಿನಲ್ಲೂ ಇಂಥ ಒಂದು ಉಚಿತ ಎಡಿಟರ್ ಇರಲಿ, ಆಪರೇಟರ್‌ಗೆ ಅದರ ಮೇಲೆ ಅರ್ಧ ದಿನದ ತರಬೇತಿ ಸಿಗಲಿ. ಪತ್ರಿಕೋದ್ಯಮ ತರಗತಿಗಳಲ್ಲಿ ಪುಟ ವಿನ್ಯಾಸದ ಜೊತೆಗೆ ಇದನ್ನೂ ಕಲಿಸಲಿ. ಮೂರನೆಯದು ನಿಮ್ಮ ಪಾಲಿಗೆ: ಮುಂದಿನ ಸಲ ಕೌಂಟರ್‌ನಲ್ಲಿ ‘ಸರ್ಚ್‌ನಲ್ಲಿ ಬರ್ತಿಲ್ಲ’ ಅಂದಾಗ ಎದ್ದು ಬರಬೇಡಿ. ‘ಹೆಸರು ಪೂರ್ತಿ ಹಾಕಬೇಡಪ್ಪ, ಸೊನ್ನೆ ಬಿಟ್ಟು ಹಿಂದಿನ ಎರಡಕ್ಷರ ಹಾಕಿ ಹುಡುಕು. ಇಲ್ಲಾಂದ್ರೆ ಗಂಡನ ಹೆಸರು ಹಾಕು, ಊರ ಹೆಸರು ಹಾಕು’ ಅನ್ನಿ. ಅದಕ್ಕೆ ಯಾವ ಎಡಿಟರೂ ಬೇಕಿಲ್ಲ.

ನಮ್ಮ ಅಜ್ಜಿಯ ಸಾಲನ್ನು ಆ ಹುಡುಗ ನನ್ನೆದುರಿಗೇ ತಿದ್ದಿದ. ಎರಡು ನಿಮಿಷ ಹಿಡಿಯಿತು. ತಿದ್ದಿ ಮುಗಿಸಿ, ‘ಸರ್, ಆ ಸಾಫ್ಟ್‌ವೇರ್ ಇದಕ್ಕೂ ಹಾಕಿಕೊಡ್ತೀರಾ?’ ಅಂದ. ಹಾಕಿಕೊಟ್ಟು ಬಂದೆ.