ಹಂಪಿಯ ‘ಉಗ್ರನರಸಿಂಹ’ ನಿಜಕ್ಕೂ ಉಗ್ರನೇ? ಪರಿಚಯದ ಮಾತು ನಮ್ಮ ಕಣ್ಣನ್ನು ಎಳೆಯುವ ಬಗೆ

ಹಂಪಿಯ ನರಸಿಂಹನ ಫೋಟೊ ವಾಟ್ಸಾಪ್‌ನಲ್ಲಿ ಬಂದರೆ ಜೊತೆಗೊಂದು ಸಾಲು ಇದ್ದೇ ಇರುತ್ತದೆ: ‘ಕೋಪದಿಂದ ಕುದಿಯುವ ಉಗ್ರನರಸಿಂಹ’. ಅದನ್ನು ಓದಿಕೊಂಡು ಹೋದವರಿಗೆ ಮೊದಲು ಕಾಣುವುದು ಉಬ್ಬಿದ ಕಣ್ಣು, ತೆರೆದ ಬಾಯಿ.

ನಿಜ ಏನು?

ಇದು ಲಕ್ಷ್ಮೀನರಸಿಂಹ. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಸುಮಾರು 6.7 ಮೀಟರ್ ಎತ್ತರದ ಮೂರ್ತಿ. ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು. ಆ ವಿಗ್ರಹ ಒಡೆದುಹೋಗಿದೆ. ಆದರೆ ಅವಳ ಕೈ ಇಂದಿಗೂ ನರಸಿಂಹನ ಬೆನ್ನನ್ನು ಬಳಸಿಕೊಂಡೇ ಇದೆ. ಅದನ್ನು ಕಂಡ ಮೇಲೆ ಅದೇ ಮುಖ ಬೇರೆಯಾಗಿ ಕಾಣುತ್ತದೆ.

ಹೀಗೇಕೆ ಆಗುತ್ತದೆ?

ಕಣ್ಣು ಕ್ಯಾಮೆರಾದಂತೆ ಎಲ್ಲವನ್ನೂ ಸಮನಾಗಿ ನೋಡುವುದಿಲ್ಲ. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನು ಪರೀಕ್ಷಿಸಿದರು. ಇಲ್ಯಾ ರೇಪಿನ್ ಬಿಡಿಸಿದ ಒಂದೇ ಚಿತ್ರವನ್ನು ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರು. ‘ಇವರ ವಯಸ್ಸೆಷ್ಟು?’ ಎಂದಾಗ ಕಣ್ಣು ಮುಖಗಳ ಮೇಲೆ ಓಡಾಡಿತು, ‘ಮನೆಯವರು ಸ್ಥಿತಿವಂತರೇ?’ ಎಂದಾಗ ಬಟ್ಟೆ, ಸಾಮಾನುಗಳ ಕಡೆ ಹೊರಳಿತು. ಗೈಡ್ ಹೇಳುವ ಮೊದಲ ಮಾತು, ಮ್ಯೂಸಿಯಂನ ಫಲಕ ಕೂಡ ಇಂಥ ಪ್ರಶ್ನೆಯ ಕೆಲಸವನ್ನೇ ಮಾಡುತ್ತವೆ.

ನಮ್ಮ ಬಾಗಳಿಯ ಕಥೆ

ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿ 10ನೇ ಶತಮಾನದ್ದು. ‘ಅಲ್ಲಿ ಮಿಥುನ ಶಿಲ್ಪಗಳಿವೆ’ ಎಂಬ ಒಂದೇ ಪರಿಚಯ ಕೇಳಿ ಹೋದವರು ಅದನ್ನಷ್ಟೇ ಹುಡುಕುತ್ತಾರೆ, ಇಲ್ಲವೇ ಮಕ್ಕಳನ್ನು ಕರೆದೊಯ್ಯಲು ಹಿಂಜರಿಯುತ್ತಾರೆ. ಒಳಗಿನ ನುಣುಪು ಕಂಬಗಳು, ಬಾಗಿಲುವಾಡದ ಸೂಕ್ಷ್ಮ ಕೆತ್ತನೆ ಲೆಕ್ಕಕ್ಕೇ ಬರುವುದಿಲ್ಲ. ಮನೆ ಹತ್ತಿರದ ಸಾವಿರ ವರ್ಷದ ಕಲೆ ಒಂದು ಸಾಲಿನ ಮಾತಿಗೆ ಕುಗ್ಗಿಹೋಗುತ್ತದೆ.

ಹಾಗಾದರೆ ಪರಿಚಯವೇ ಬೇಡವೇ?

ಬೇಕು. ಹಂಪಿಯ ಸಾಸಿವೆಕಾಳು ಗಣೇಶನನ್ನು ಮುಂದಿನಿಂದ ನೋಡಿ ಹೊರಟುಬಿಡಬಹುದು. ‘ಹಿಂದೆ ಹೋಗಿ ನೋಡಿ’ ಎಂದು ಯಾರಾದರೂ ಹೇಳಿದರೆ, ಮಗನನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿಯ ಬೆನ್ನು ಕಾಣುತ್ತದೆ. ಒಳ್ಳೆಯ ಪರಿಚಯ ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಏನು ಅನ್ನಿಸಬೇಕೆಂದು ಹೇಳಿಕೊಡುವುದಿಲ್ಲ.

ನೀವು ಏನು ಮಾಡಬಹುದು?

• ಫಲಕ ಓದುವ ಮೊದಲು ಎರಡು ನಿಮಿಷ ಸುಮ್ಮನೆ ನೋಡಿ. ಓದಿದ ಮೇಲೆ ಮತ್ತೊಮ್ಮೆ ನೋಡಿ.
• ಮೂರ್ತಿಯನ್ನು ಒಂದು ಸುತ್ತು ಹಾಕಿ.
• ಮಕ್ಕಳಿಗೆ ಕಥೆ ಹೇಳುವ ಮೊದಲು ‘ನಿನಗೇನು ಕಾಣಿಸ್ತು?’ ಎಂದು ಕೇಳಿ.
• ಫೋಟೊ ಫಾರ್ವರ್ಡ್ ಮಾಡುವ ಮೊದಲು ಅದರ ಸಾಲನ್ನು ಪರಿಶೀಲಿಸಿ. ನೀವು ಕಳಿಸುವ ಸಾಲೇ ಇನ್ನೊಬ್ಬರ ಮೊದಲ ನೋಟವಾಗುತ್ತದೆ.